ಶ್ರೀನಿವಾಸರಾಯರ ಎರಡು ಬಣ್ಣದ ತಲೆ

ಐವತ್ತಾರು ವಯಸ್ಸಾದರೂ ತಮ್ಮ ಕೂದಲು ತಾನಾಗಿಯೇ ಕಪ್ಪಗಿದೆ ಎಂದು ಊರೆಲ್ಲ ನಂಬಿದೆ ಎಂದುಕೊಂಡಿದ್ದವರು ಇಡೀ ಹಾನಗಲ್ಲ ತಾಲೂಕಿನಲ್ಲಿ ಒಬ್ಬರೇ ಒಬ್ಬರು. ಅವರು ವಕೀಲ ಶ್ರೀನಿವಾಸರಾಯರು.

ಇಪ್ಪತ್ತು ವರ್ಷಗಳಿಂದ ಮೂರು ವಾರಕ್ಕೊಂದು ರವಿವಾರ ಅವರು ಬಚ್ಚಲಮನೆಗೆ ಅಗಳಿ ಹಾಕಿಕೊಂಡು ಒಂದು ತಾಸು ಒಳಗಿರುತ್ತಿದ್ದರು. ಹೊರಗೆ ಬರುವಾಗ ಕಿವಿಯ ಹಿಂದೆ ಮಸಿ, ಟವೆಲಿನ ಅಂಚಿಗೆ ಮಸಿ, ಬಚ್ಚಲ ಹಾಸುಗಲ್ಲಿನ ಮೇಲೂ ಮಸಿ. ಆದರೂ ಯಾರಾದರೂ ತಲೆಯ ಕಡೆ ನೋಡಿದರೆ ಸಾಕು, "ನಮ್ಮ ಮನೆತನದ ಗುಣ ಅದರಿ. ನಮ್ಮ ಅಜ್ಜಗೂ ಎಂಬತ್ತರತನಾ ಒಂದ ಕೂದಲಾ ಬೆಳ್ಳಗಾಗಿರಲಿಲ್ಲ," ಎಂದು ಕೇಳದಿದ್ದರೂ ಹೇಳುತ್ತಿದ್ದರು. ಹೇಳುವಾಗ ಅವರು ಒರಗುತ್ತಿದ್ದ ಕುರ್ಚಿಯ ಬಿಳಿ ವಸ್ತ್ರದ ಮೇಲೆ, ತಲೆ ತಾಗುವ ಜಾಗದಲ್ಲಿ, ಸರಿಯಾಗಿ ತಲೆಯ ಅಳತೆಯ ಕಪ್ಪು ಗುರುತು ಬಿದ್ದಿತ್ತು. ಕಕ್ಷಿದಾರರು ಅದನ್ನು ನೋಡುತ್ತಿದ್ದರು, ರಾಯರನ್ನು ನೋಡುತ್ತಿದ್ದರು, ತಮ್ಮ ಕೇಸು ನೆನೆದು ಸುಮ್ಮನಾಗುತ್ತಿದ್ದರು.

ಇಂಥ ಸುಖದ ಸಂಸಾರಕ್ಕೆ ಕಲ್ಲು ಬಿದ್ದದ್ದು ಮಾರ್ಚ್ ತಿಂಗಳಲ್ಲಿ. ಮಗಳು ಸಂಪದಾಳನ್ನು ನೋಡಲು ಸವಣೂರಿನಿಂದ ಸುಶೀಂದ್ರಾಚಾರ್ಯರು ಬಂದಿದ್ದರು. ನಿವೃತ್ತ ಹೆಡ್ ಮಾಸ್ತರರು, ತಲೆ ಪೂರ್ತಿ ಬೆಳ್ಳಗೆ, ಮಾತು ತೂಕದ್ದು. ಮಗ ಕೌಸ್ತುಭ ಹುಬ್ಬಳ್ಳಿಯಲ್ಲಿ ಔಷಧದ ಕಂಪನಿಯೊಂದರಲ್ಲಿದ್ದ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದರು, ಉಪ್ಪಿಟ್ಟು ಖರ್ಚಾಯಿತು. ಎದ್ದು ಹೊರಡುವಾಗ ಸುಶೀಂದ್ರಾಚಾರ್ಯರ ಹೆಂಡತಿ ಪ್ರಿಯಂವದಾಬಾಯಿ ಹೊಸ್ತಿಲಲ್ಲಿ ನಿಂತು, "ರಾಯರ ಕೂದಲಾ ಎಷ್ಟ ಕರ್ರಗ ಅದಾವಲ್ಲ. ನಮ್ಮ ಕೌಸ್ತುಭಗೂ ಇಷ್ಟ ಕರ್ರಗಿಲ್ಲ ನೋಡ್ರಿ," ಎಂದರು.

ರಾಯರು ಆ ದಿನವೆಲ್ಲ ಹಿಗ್ಗಿದರು. ಮರುದಿನ ಮಧ್ಯಾಹ್ನ ಊಟ ಮಾಡುವಾಗ, ಅದು ಹೊಗಳಿಕೆ ಅಲ್ಲದೆಯೂ ಇರಬಹುದು ಎಂಬ ಅನುಮಾನ ಮೊದಲ ಸಲ ಅವರ ಮನಸ್ಸಿಗೆ ಬಂತು. ಬೇರೆಯವರಿಗೆ ಅರೆ ನಿಮಿಷ ಸಾಕಾಗುತ್ತಿದ್ದ ಕೆಲಸ. ರಾಯರು ವಕೀಲರಾದ್ದರಿಂದ ಒಂದು ದಿನ ಹಿಡಿಯಿತು.

ಬಣ್ಣ ಬಿಟ್ಟುಬಿಡಬಹುದಿತ್ತು. ಆದರೆ ಬಿಟ್ಟರೆ ಇಪ್ಪತ್ತು ವರ್ಷ ಹಚ್ಚಿದ್ದನ್ನು ಒಪ್ಪಿಕೊಂಡಂತಾಗುತ್ತದೆ, ಅಜ್ಜನೂ ಸುಳ್ಳಾಗುತ್ತಾನೆ. ಹೀಗೆ ಕುದಿಯುತ್ತಿದ್ದಾಗ ಸಂಪದಾ ಫೋನಿನಲ್ಲಿ ವಿಡಿಯೋ ಒಂದನ್ನು ನೋಡುತ್ತಿದ್ದದ್ದು ಕಣ್ಣಿಗೆ ಬಿತ್ತು. ಯಾವುದೋ ಹುಡುಗಿ ಸೊಂಟದ ತನಕ ಕೂದಲು ಬಿಟ್ಟುಕೊಂಡು ನಿಂತಿದ್ದಳು. ಮೇಲೆ ಕಪ್ಪು, ಕೆಳಗಿಳಿದಂತೆ ತಿಳಿಯಾಗುತ್ತ ತಿಳಿಯಾಗುತ್ತ ಬಂಗಾರದ ಬಣ್ಣ.

"ಏನದು?" ಎಂದು ಕೇಳಿದರು.

"ಒಂಬ್ರೆ ಅಂತಾರಪ್ಪಾ. ಮನ್ಯಾಗ ಮಾಡ್ಕೋಬಹುದು," ಎಂದಳು ಸಂಪದಾ.

ರಾಯರ ತಲೆಯೊಳಗೆ, ಅಂದರೆ ಕೂದಲಿನ ಕೆಳಗೆ, ಯೋಜನೆಯೊಂದು ಹುಟ್ಟಿತು. ಅರ್ಧ ಕಪ್ಪು ಅರ್ಧ ತಿಳಿ ಇದ್ದರೆ ಪ್ರಕೃತಿಯೇ ಈಗ ಮೆಲ್ಲಗೆ ಕೈಹಾಕಿದೆ ಎಂದು ಜನ ತಿಳಿಯುತ್ತಾರೆ. ಅರ್ಧ ಮುದುಕನಾಗಿ ಕಾಣಲೆಂದು ಯಾರಾದರೂ ಬಣ್ಣ ಹಚ್ಚುತ್ತಾರೆಯೇ? ಇಷ್ಟು ಗಟ್ಟಿ ವಾದ ಅವರು ನ್ಯಾಯಾಲಯದಲ್ಲಿ ಒಂದು ದಿನವೂ ಮಂಡಿಸಿರಲಿಲ್ಲ.

ಮೇ ತಿಂಗಳು ಕೋರ್ಟಿಗೆ ರಜೆ. ತಾಯಿ ಯಮುನಾಬಾಯಿ, ಎಂಬತ್ತನಾಲ್ಕರ ಮುದುಕಿ, ಶಿಗ್ಗಾಂವಿಯಲ್ಲಿದ್ದ ಕಿರಿಯ ಮಗನ ಮನೆಗೆ ಹೋಗಿದ್ದರು. ಹೆಂಡತಿ ಮತ್ತು ಸಂಪದಾ ರಜೆಯ ಕೊನೆಯ ವಾರ ಹಿರೇಕೆರೂರಿನ ತವರಿಗೆ ಹೊರಟರು. ರಜೆ ಮುಗಿದ ಮೊದಲ ಗುರುವಾರವೇ ನಿಶ್ಚಯವಿತ್ತು, ಕುಪ್ಪಸ ಹೊಲಿಸುವುದಿತ್ತು. ಅವರನ್ನು ಬಿಟ್ಟು ಬರುವಾಗ ರಾಯರು ಅಲ್ಲಿಯ ಅಂಗಡಿಯೊಂದರಲ್ಲಿ ಕೂದಲಿನ ಬಣ್ಣ ತೆಗೆಯುವ ಬ್ಲೀಚಿನ ಪುಡಿ, ಅದಕ್ಕೆ ಕಲಸುವ ನೀರು, ಒಂದು ಕುಂಚ ಕೊಂಡರು. ಕೇಳದಿದ್ದರೂ "ಮಗಳಿಗೆ" ಎಂದು ಹೇಳಿದರು. ಹೊಸ ಬಣ್ಣ ಹಿಡಿಯಬೇಕಾದರೆ ಒಂದು ತಿಂಗಳು ಹಳೆಯದನ್ನು ಹಚ್ಚಬಾರದೆಂದು ವಿಡಿಯೋದಲ್ಲಿ ಹೇಳಿದ್ದರಿಂದ ಆ ತಿಂಗಳೆಲ್ಲ ಮನೆಯಿಂದ ಹೊರಬಿದ್ದಾಗ ತಲೆಗೆ ಪಂಜೆ ಸುತ್ತಿಕೊಂಡೇ ಓಡಾಡಿದ್ದರು. ಬಿಸಿಲಿಗೆ ಎಲ್ಲರೂ ಸುತ್ತಿಕೊಳ್ಳುವ ಕಾಲ, ಯಾರೂ ಕೇಳಲಿಲ್ಲ.

ಕೋರ್ಟು ತೆರೆಯುವ ಹಿಂದಿನ ರವಿವಾರ ಅವರು ಬಚ್ಚಲಮನೆ ಹೊಕ್ಕರು. ವಿಡಿಯೋದ ಹುಡುಗಿ ಹೇಳಿದ್ದು ಅವರಿಗೆ ಬಾಯಿಪಾಠವಾಗಿತ್ತು: ಮೇಲೆ ಕಪ್ಪು ಹಾಗೇ ಇರಲಿ, ಕೆಳಗೆ ಬ್ಲೀಚು ಹಚ್ಚಿ. ಹುಡುಗಿಯ ಕೂದಲು ಇಳಿಬಿದ್ದಿತ್ತು. ಅವಳಿಗೆ ಮೇಲೆಂದರೆ ಬುಡ, ಕೆಳಗೆಂದರೆ ತುದಿ. ರಾಯರದು ಮೂರು ಬೆರಳಿನ ಕ್ರಾಪು, ಬಿರುಸು ಕೂದಲು, ನೆಟ್ಟಗೆ ನಿಂತದ್ದು. ಅವರಿಗೆ ಮೇಲೆಂದರೆ ತುದಿ, ಕೆಳಗೆಂದರೆ ಚರ್ಮ. ಮೂವತ್ತು ವರ್ಷ ಕಾಗದಪತ್ರಗಳನ್ನು ಅಕ್ಷರಕ್ಷರ ಓದಿದ ಮನುಷ್ಯ ಇಲ್ಲೂ ಅಕ್ಷರ ಬಿಡಲಿಲ್ಲ. ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಬುಡಬುಡಕ್ಕೆ ಬ್ಲೀಚು ಮೆತ್ತಿ, ಮೇಲೆ ಚಪಾತಿ ಸುತ್ತುವ ಬೆಳ್ಳಿ ಹಾಳೆ ಹೊದಿಸಿ, ಗಡಿಯಾರ ನೋಡಿಕೊಂಡು ಕುಳಿತರು. ಮೂವತ್ತು ನಿಮಿಷ.

ಹತ್ತು ನಿಮಿಷಕ್ಕೆ ಫೋನು ಬಂತು. ಆಡೂರಿನ ಕುಬೇರಪ್ಪ, ಹೊಲದ ಬದುವಿನ ತಕರಾರಿನ ಕಕ್ಷಿದಾರ. ಇವನು ಬದುವಿನ ವಿಷಯ ಶುರುಮಾಡಿದರೆ ತನ್ನ ಮುತ್ತಜ್ಜನಿಂದ ಬರಬೇಕು. ಬ್ಲೀಚಿನ ಘಾಟಿಗೆ ರಾಯರ ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯುತ್ತಿತ್ತು, ತಲೆ ಕಾದ ಹಂಚಾಗಿತ್ತು, ದನಿ ಹೊರಡುತ್ತಿರಲಿಲ್ಲ.

"ಯಾಕ್ರಿ ಸಾಹೇಬ್ರ, ಅಳಾಕತ್ತೀರೇನು?" ಎಂದ ಕುಬೇರಪ್ಪ.

"ಏನಿಲ್ಲ ಕುಬೇರಪ್ಪ, ಏನಿಲ್ಲ. ನೀ ಹೇಳು," ಎಂದು ರಾಯರು ಮೂಗು ಏರಿಸಿದರು. ಕುಬೇರಪ್ಪ ಮತ್ತೊಂದು ತಾಸು ಹೇಳಿದ.

ತೊಳೆದು ಕನ್ನಡಿ ನೋಡಿದಾಗ ತಲೆಯ ಮೇಲೆ ಎರಡು ಬೆಳೆ ಬಂದಿದ್ದವು. ಬುಡದಲ್ಲಿ ಬೆರಳಗಲ ಒಣಗಿದ ಜೋಳದ ದಂಟಿನ ಬಣ್ಣ, ತುದಿಗೆ ಕಡುಗಪ್ಪು. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಬುಡ ಬರೀ ಬಿಳಿ. ಹಣೆಯ ಮೇಲೆ, ಕೆನ್ನೆಯ ಮೇಲೆ ಬ್ಲೀಚು ಇಳಿದಲ್ಲೆಲ್ಲ ಕೆಂಪು ಬೊಕ್ಕೆ. ಗಡ್ಡಕ್ಕೆ ಬ್ಲೇಡು ತಾಗಿಸಿದರೆ ಜೀವ ಹೋಗುತ್ತಿತ್ತು. ದಿನಾ ಹಚ್ಚುವ ಅಂಗಾರ-ಅಕ್ಷತೆಯನ್ನು ಹಣೆಗೆ ಮುಟ್ಟಿಸಿದ್ದೇ ತಡ, ರಾಯರು ದೇವರಮನೆಯಲ್ಲೇ ಕುಣಿದರು. ಗುರುತಿನ ವೈದ್ಯರೊಬ್ಬರಿಗೆ ಫೋನು ಮಾಡಿ "ನಮ್ಮ ಕಕ್ಷಿದಾರರೊಬ್ಬರಿಗೆ ಹಿಂಗಾಗೇದ" ಎಂದರು. ಆ ಕಕ್ಷಿದಾರರು ಆರು ತಿಂಗಳು ತಲೆಗೆ ಯಾವ ಬಣ್ಣವನ್ನೂ ಮುಟ್ಟಿಸಬಾರದು, ಟೊಪ್ಪಿಗೆ ರುಮಾಲು ಏನನ್ನೂ ಕಟ್ಟಬಾರದು, ಗಾಳಿ ಆಡಬೇಕು ಎಂದು ವೈದ್ಯರು ಹೇಳಿದರು. ಕತ್ತರಿಸೋಣವೆಂದರೆ ಮೇಲಿನ ಕಪ್ಪು ಹೋಗಿ ಕೆಳಗಿನ ದಂಟು ಮಾತ್ರ ಉಳಿಯುತ್ತಿತ್ತು.

ಈ ಭಾಗದಲ್ಲಿ ಬಣ್ಣ ಹಚ್ಚುವ ಗಂಡಸು ಅದನ್ನು ಸುಮ್ಮಸುಮ್ಮನೆ ಬಿಡುವುದಿಲ್ಲ. ಮನೆಯಲ್ಲಿ ಸಾವಾದಾಗ ಬಿಡುತ್ತಾನೆ. ಬುಡ ಬಿಳಿ, ತುದಿ ಕಪ್ಪು ಕಂಡರೆ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದರ ಜೊತೆಗೆ ಗಡ್ಡ ಬಂದಿದ್ದು, ವೈಷ್ಣವರ ಹಣೆಯಲ್ಲಿ ಅಕ್ಷತೆ ಇಲ್ಲದಿದ್ದರೆ ಉಳಿದ ಪ್ರಶ್ನೆ ಒಂದೇ: ಹೋದವರು ಯಾರು.

ಸೋಮವಾರ ಮುಂಜಾನೆ ರಾಯರು ಕರಿ ಕೋಟು ಹಾಕಿಕೊಂಡು ಗೇಟು ತೆರೆದಾಗ ಪಕ್ಕದ ಮನೆಯ ಸರೋಜವ್ವ ರಂಗೋಲಿ ಹಾಕುತ್ತಿದ್ದಳು. ನೋಡಿದವಳೇ ರಂಗೋಲಿ ಬಟ್ಟಲು ಕೆಳಗಿಟ್ಟು ಸೆರಗು ಹೊದ್ದಳು.

"ರಾಯರ, ಯಾವಾಗಾತರಿ ಇದು?"

ರಾಯರು ಈ ಪ್ರಶ್ನೆಗೆ ರಾತ್ರಿಯೇ ಉತ್ತರ ಸಿದ್ಧಮಾಡಿದ್ದರು. "ಹೋದ ತಿಂಗಳಾಗನ ಸರೋಜವ್ವ. ನಿಧಾನಕ್ಕ, ತಾನಾಗೇ ಆತು."

"ಯಾರಿಗೂ ಹೇಳಲಿಲ್ಲಲ್ರಿ."

"ಹೇಳೋದೇನದ ಇದರಾಗ. ವಯಸ್ಸಾದಮ್ಯಾಲ ಆಗೂದ."

"ಖರೇರಿ, ವಯಸ್ಸಾಗಿತ್ತು," ಎಂದು ಸರೋಜವ್ವ ಕಣ್ಣೊರೆಸಿಕೊಂಡಳು. "ಆದ್ರೂ ಭಾಳ ಛಲೋ ಇದ್ರು."

ಕೂದಲಿಗೆ ಇಷ್ಟು ಮರ್ಯಾದೆಯ ಮಾತೇಕೆ ಎಂದು ರಾಯರಿಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೆ ಯೋಜನೆ ಫಲಿಸಿತೆಂಬ ಗರ್ವದಲ್ಲಿ ನಡೆದುಬಿಟ್ಟರು.

ಕೋರ್ಟಿನ ಬೇವಿನ ಮರದ ಕೆಳಗೆ ಕುಬೇರಪ್ಪ ಕಾದಿದ್ದ. ನಿನ್ನೆ ಫೋನಿನಲ್ಲಿ ಕೇಳಿದ ಅಳು, ಇಂದು ಕಣ್ಣಾರೆ ಕಂಡ ತಲೆ, ಬರಿ ಹಣೆ, ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಜೋಡಿಸಿದ. ತನ್ನ ಬದುವಿನ ಲೆಕ್ಕವನ್ನು ಅವನು ಇಷ್ಟು ಬೇಗ ಎಂದೂ ಜೋಡಿಸಿದವನಲ್ಲ. ಬಂದು ರಾಯರ ಎರಡೂ ಕೈ ಹಿಡಿದುಕೊಂಡ.

"ಅವ್ವಾರು ಶಿಗ್ಗಾಂವ್ಯಾಗ ತೀರಿಕೊಂಡ್ರೇನ್ರಿ? ನಿನ್ನಿ ನೀವು ಅಳಾಕತ್ತಾಗನ ನನಗ ಸಂಶಯ ಬಂದಿತ್ತು. ಅಂಥಾದ್ರಾಗ ನಾ ಬದುವಿನ ಮಾತ ಹೇಳಿದ್ನಲ್ರಿ. ನನ್ನ ಬಾಯಾಗ ಮಣ್ಣ ಹಾಕ."

ಈಗ ರಾಯರಿಗೆ ಎಲ್ಲ ತಿಳಿಯಿತು. ಸರೋಜವ್ವನ ಕಣ್ಣೀರೂ ತಿಳಿಯಿತು. ಹೇಳಬೇಕಾದದ್ದು ಒಂದೇ ಮಾತು: ನಮ್ಮವ್ವ ಗಟ್ಟಿಮುಟ್ಟಾಗಿದ್ದಾಳೆ. ಆದರೆ ಅದರ ಬೆನ್ನಿಗೇ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ತಲೆಗೇನಾಯಿತು? ಒಂದು ಕಡೆ ಹೆತ್ತ ತಾಯಿಯ ಜೀವ, ಇನ್ನೊಂದು ಕಡೆ ಇಪ್ಪತ್ತು ವರ್ಷ ಕಾಪಾಡಿದ ಕೂದಲಿನ ಮಾನ. ಬೇರೆ ಯಾವ ಮಗನಿಗೂ ಇದು ತಕ್ಕಡಿಗೆ ಹಾಕುವ ವಿಷಯವಲ್ಲ. ರಾಯರು ತಕ್ಕಡಿಗೆ ಹಾಕಿದರು, ತೂಗಿದರು, ತಾಯಿಯನ್ನು ತಕ್ಕಡಿಯಿಂದ ಇಳಿಸಿಬಿಟ್ಟರು.

"ಏನ ಮಾಡೋದು ಕುಬೇರಪ್ಪ," ಎಂದರು. "ಎಲ್ಲಾ ಅವನ ಇಚ್ಛಾ."

ಅಲ್ಲಿಂದ ಮುಂದೆ ಯಮುನಾಬಾಯಿಯವರ ಸಾವು ತನ್ನ ಕಾಲ ಮೇಲೆ ತಾನೇ ನಡೆಯಿತು. ಹನ್ನೊಂದಕ್ಕೆ ವಕೀಲರೆಲ್ಲ ತಮ್ಮ ಕೋಣೆಯಲ್ಲಿ ಎದ್ದುನಿಂತು ಎರಡು ನಿಮಿಷ ಮೌನ ಆಚರಿಸಿದರು. ಶ್ರೀನಿವಾಸರಾಯರೂ ತಲೆ ತಗ್ಗಿಸಿ ಆಚರಿಸಿದರು, ತಗ್ಗಿಸಿದ್ದರಿಂದ ತಲೆ ಎಲ್ಲರಿಗೂ ಇನ್ನೂ ಚೆನ್ನಾಗಿ ಕಂಡಿತು. ಹಿರಿಯರೊಬ್ಬರು ಎರಡು ಮಾತಾಡಿರೆಂದು ಒತ್ತಾಯಿಸಿದಾಗ, "ನಮ್ಮವ್ವ ಒಂದ ದಿವಸಾನೂ ಸುಳ್ಳ ಹೇಳಿದಾಕಿ ಅಲ್ಲ. ನಮಗೂ ಅದನ್ನ ಕಲಿಸಿದ್ಲು," ಎಂದು ಗದ್ಗದಿತರಾದರು. ನಾಚಿಕೆ ಎಂಬುದನ್ನೂ ಅವರು ಅಂದು ರಜೆಯ ಮೇಲೆ ಕಳಿಸಿದ್ದರು. ಮಧ್ಯಾಹ್ನಕ್ಕೆ ಕುಬೇರಪ್ಪ ಯಾವುದೋ ಹಳೆಯ ಮದುವೆಯ ಫೋಟೋದಿಂದ ಮುದುಕಿಯ ಮುಖ ಕತ್ತರಿಸಿ, ಸುತ್ತ ಹೂವು, ಕೆಳಗೆ ದೀಪ ಇಟ್ಟು ಭಾವಪೂರ್ಣ ಶ್ರದ್ಧಾಂಜಲಿಯನ್ನು ಸುತ್ತಲ ನಾಲ್ಕು ತಾಲೂಕಿನ ಫೋನುಗಳಿಗೆ ಹರಿಯಬಿಟ್ಟ. ಹಂಸಭಾವಿಯಿಂದ ಒಬ್ಬರು ಅಳುತ್ತ ಫೋನು ಮಾಡಿದರು. ರಾಯರು ಅವರಿಗೆ ಸಮಾಧಾನ ಹೇಳಿದರು.

ಸಂಜೆ ಸಂಪದಾಳ ಫೋನು ಬಂತು. ದನಿ ಅಳುಕಿತ್ತು.

"ಅಪ್ಪಾ, ಮಧ್ಯಾಹ್ನದಿಂದ ಕೌಸ್ತುಭ ಫೋನ್ ಎತ್ತವಲ್ರು. ಮೆಸೇಜಿಗೂ ಉತ್ತರ ಇಲ್ಲ. ಏನರೇ ಆಗೇದೇನು?"

ಇಲ್ಲಿ ಕೂಡ ಬಾಯಿಬಿಡಬಹುದಿತ್ತು. "ಹುಬ್ಬಳ್ಳ್ಯಾಗ ನೆಟ್‌ವರ್ಕ್ ಇರಂಗಿಲ್ಲವಾ," ಎಂದು ರಾಯರು ಫೋನಿಟ್ಟರು.

ಮಂಗಳವಾರ ಹತ್ತಕ್ಕೆ ಸವಣೂರಿನಿಂದ ಕಾರು ಬಂತು. ಸುಶೀಂದ್ರಾಚಾರ್ಯರು, ಪ್ರಿಯಂವದಾಬಾಯಿ ಇಳಿದರು. ಕೈಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಸರೋಜವ್ವ ದುಃಖದ ಮನೆಗೆಂದು ಬಾಳೆಹಣ್ಣು ಹಿಡಿದುಕೊಂಡು ಬಂದವಳು ಗೋಡೆಗೆ ಹತ್ತಿ ನಿಂತಳು. ಆಚಾರ್ಯರು ರಾಯರ ತಲೆಯನ್ನು ಬುಡದಿಂದ ತುದಿಯ ತನಕ ನೋಡಿದರು. ಉತ್ತರಪತ್ರಿಕೆ ನೋಡಿ ನೋಡಿ ರೂಢಿಯಾದ ಕಣ್ಣು.

"ತಿಂಗಳಾತಂತ," ಎಂದರು. "ನಮಗ ತಿಳಿಸಲಿಲ್ಲ. ವರ್ಷದ ಸೂತಕ ಇರೂ ಮನ್ಯಾಗ ನಾಡದು ನಿಶ್ಚಯ ಮಾಡವರಿದ್ರಿ. ಅದು ಒಂದು. ಎರಡನೇದು, ತಾಯಿ ಹೋದಮ್ಯಾಲ ಮಗ ಕೇಶ ತೆಗಿಸಬೇಕು. ನೀವು ತೆಗಿಸಿಲ್ಲ. ಕೂದಲಿನ ಆಶಾಕ್ಕ ಅವ್ವನ ಕರ್ಮಾನೂ ನೆಟ್ಟಗ ಮಾಡಲಿಲ್ಲಲ್ರಿ."

ರಾಯರ ವಕೀಲಿ ಬುದ್ಧಿ ಚುರುಕಾಗಿ ಶಿಕ್ಷೆ ಕಡಿಮೆ ಮಾಡಿಸುವ ದಾರಿ ಹುಡುಕಿತು.

"ಸತ್ತದ್ದು ಅವ್ವ ಅಲ್ಲರಿ," ಎಂದರು. "ಕಾಕಾ."

"ಯಾವ ಕಾಕಾ?"

"ದೂರದಾಂವ. ಭಾಳ ದೂರದಾಂವ. ಮೂರ ದಿವಸದ ಸೂತಕ ಅಷ್ಟ. ಹೋದ ತಿಂಗಳಾಗನ ಮುಗೀತು."

"ಮತ್ತ ಫೋನಿನಾಗ ಬಂದದ್ದು ಅವ್ವಾರ ಫೋಟೋ," ಎಂದರು ಪ್ರಿಯಂವದಾಬಾಯಿ.

"ಕಾಕಾನ ಫೋಟೋ ಸಿಗಲಿಲ್ಲರಿ," ಎಂದರು ರಾಯರು.

ಸರೋಜವ್ವ ಬಾಳೆಹಣ್ಣನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಆಚಾರ್ಯರು ಎದ್ದು ನಿಂತರು. "ನೋಡ್ರಿ ವಕೀಲರ, ಹುಡುಗಿ ಛಲೋ ಇದ್ದಾಳ, ನಮ್ಮ ಹುಡುಗ ಆಕೀ ಮ್ಯಾಲ ಜೀವ ಇಟ್ಟಾನ, ಎಲ್ಲಾ ಖರೆ. ಆದ್ರ ಸಾವನ್ನ ಮುಚ್ಚಿಡೋ ಮನೀ ಜೋಡಿ ಬೀಗತನ ನನ್ನ ಕೈಲೆ ಆಗಂಗಿಲ್ಲ. ಗುರುವಾರ ನಾವು ಬರೂದಿಲ್ಲ."

ಒಂದೇ ವಾಕ್ಯ. ನಾನು ಬಣ್ಣ ಹಚ್ಚಿದ್ದೆ. ಅಷ್ಟು ಹೇಳಿದರೆ ಮಗಳ ಬಾಳು ಉಳಿಯುತ್ತಿತ್ತು. ರಾಯರು ಬಾಯಿ ತೆರೆದರು. ತೆರೆದ ಬಾಯಿಯಿಂದ, "ನಮ್ಮ ಅಜ್ಜಗ ಎಂಬತ್ತರತನಾ..." ಎಂದು ಹೊರಟಿತು. ರೂಢಿ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ, ಹೆಗಲ ಮೇಲೆ ಮಡಿ ಸೀರೆಯ ಗಂಟು ಹೊತ್ತು ಸ್ವರ್ಗಸ್ಥ ಯಮುನಾಬಾಯಿಯವರು ಒಳಗೆ ಬಂದರು. ಸರೋಜವ್ವ ಬಾಳೆಹಣ್ಣು ಕೈಬಿಟ್ಟಳು.

"ಎತ್ತಿಡು ಸರೋಜವ್ವ, ತಿನ್ನೋರು ಬಂದೇವಿ," ಎಂದರು ಮುದುಕಿ. ಕುರ್ಚಿಯಲ್ಲಿ ಕೂತು ಮಗನ ಕಡೆ ತಿರುಗಿದರು. "ಶಿಗ್ಗಾಂವ್ಯಾಗ ನಿನ್ನ ತಮ್ಮನ ಫೋನಿಗೆ ನನ್ನ ಫೋಟೋ ಬಂತು. ಸುತ್ತೂಕಡೆ ಹೂವ, ಕೆಳಗ ದೀಪ. ನಿನಗ ಫೋನ್ ಹಚ್ಚಿದ್ರ ಎತ್ತಲಿಲ್ಲ. ಮುಂಜಾನೆ ಎದ್ದು ಬಸ್ ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ನನ್ನ ಮಾರಿ ನೋಡಿ ಚೀಟಿ ಕೊಟ್ಟ. ಗುರುತಿಲ್ಲದ ಕಂಡಕ್ಟರಗ ನಾ ಬದುಕಿದ್ದು ಗೊತ್ತಾತು. ಹೆತ್ತ ಮಗಗ ಗೊತ್ತಾಗಲಿಲ್ಲ."

ಆಚಾರ್ಯರು ಮತ್ತೆ ಕೂತರು. "ಹಂಗಾರ ಈ ತಲಿ?" ಎಂದರು.

"ತಲಿಗೇನಾಗೇದ? ಬಣ್ಣ," ಎಂದರು ಯಮುನಾಬಾಯಿ. "ಇಪ್ಪತ್ತ ವರ್ಷದಿಂದ ಬಚ್ಚಲದಾಗ ಕುಂತು ಹಚ್ಕೋತಾನ. ಬಚ್ಚಲಾ ತಿಕ್ಕೋದು ನಾವು. ಈ ಸಲ ಏನೋ ಹೊಸಾದು ಹಚ್ಚಲಿಕ್ಕೆ ಹೋಗಿ ಸುಟ್ಕೊಂಡಾನ. ಹೌದಲ್ಲೋ?"

ರಾಯರ ಮುಖ ಬೊಕ್ಕೆಗಳಿಗಿಂತ ಕೆಂಪಾಗಿತ್ತು. ಇಪ್ಪತ್ತು ವರ್ಷದ ಗುಟ್ಟು ಹೀಗೆ ನಡುಮನೆಯಲ್ಲಿ ಬಿದ್ದುಹೋದ ಮೇಲೆ ಭೂಮಿ ಬಾಯಿ ತೆರೆಯುತ್ತದೆಂದು ಅವರು ಕಾದರು. ಆದರೆ ಯಾರೂ ಬೆಚ್ಚಿಬೀಳಲಿಲ್ಲ.

"ಬಣ್ಣ ಹಚ್ಚತೀರಿ ಅನ್ನೋದು ನನಗ ಮಾರ್ಚದಾಗನ ಗೊತ್ತಿತ್ತರಿ," ಎಂದರು ಪ್ರಿಯಂವದಾಬಾಯಿ. "ಆ ಕುರ್ಚಿ ವಸ್ತ್ರ ನೋಡೇ ಹೇಳಿದ್ದೆ."

"ನಮ್ಮ ಓಣಿಗೆಲ್ಲಾ ಗೊತ್ತೈತ್ರಿ," ಎಂದಳು ಸರೋಜವ್ವ. "ಮೂರ ವಾರಕ್ಕೊಮ್ಮೆ ರವಿವಾರ ಗಟಾರದಾಗ ಕರೀ ನೀರ ಬರ್ತೈತಲ್ರಿ."

ಯಾರಿಗೂ ಗೊತ್ತಿಲ್ಲದ್ದನ್ನು ಉಳಿಸಿಕೊಳ್ಳಲು ತಾಯಿಯನ್ನು ಕೊಂದಿದ್ದರೆ ಅದು ಪಾಪವಾದರೂ ಆಗುತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದನ್ನು ಉಳಿಸಿಕೊಳ್ಳಲು ಕೊಂದದ್ದಕ್ಕೆ ಹೆಸರೇ ಇಲ್ಲ.

ಆಚಾರ್ಯರ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು. "ಅವ್ವಾರ, ನೀವು ಇದ್ದೀರಿ, ಸಂತೋಷ. ಆದ್ರ ಕೂದಲಿಗೋಸ್ಕರ ತಾಯಿ ಸತ್ಲು ಅಂದ ಮನುಷ್ಯಾ, ನಾಳೆ..."

"ನಿಮ್ಮ ಮಗಗ ಮಾವನ ತಲಿ ತೊಗೊಂಡು ಏನ ಮಾಡೋದದ ಆಚಾರ್ಯರ?" ಎಂದರು ಯಮುನಾಬಾಯಿ. "ಇವನ ತಲಿ ಹಿಂಗ ಅನ್ನೋದು ಎಂಬತ್ತನಾಕು ವರ್ಷದಾಕಿ ನಾನ ಹೇಳಾಕತ್ತೇನಿ, ಮುಚ್ಚಿಡಂಗಿಲ್ಲ. ನಮ್ಮ ಹುಡುಗಿ ತಲಿ ನೆಟ್ಟಗದ. ಒಳಗೂ ನೆಟ್ಟಗದ. ಅದನ್ನ ನೋಡಿ ಹೇಳ್ರಿ."

ಪ್ರಿಯಂವದಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. ಹೆಂಡತಿ ನಕ್ಕಮೇಲೆ ಆಚಾರ್ಯರಿಗೆ ಬಿಗಿದುಕೊಂಡಿರಲು ಕಾರಣ ಉಳಿಯಲಿಲ್ಲ. ನೀರು ಕುಡಿದರು, ಬಾಳೆಹಣ್ಣು ತಿಂದರು, ಮಗನಿಗೆ ಫೋನು ಮಾಡಿ "ಆ ಹುಡುಗಿಗೆ ಫೋನ್ ಹಚ್ಚು" ಎಂದರು. ಗುರುವಾರ ಹತ್ತು ಗಂಟೆಗೆ ಇಪ್ಪತ್ತೈದು ಜನ ಬರುತ್ತೇವೆ, ಫೋಟೋ ತೆಗೆಯುವವರೂ ನಮ್ಮವರೇ ಎಂದು ಹೇಳಿ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ, ಸಂಪದಾ ಹಿರೇಕೆರೂರಿನಿಂದ ಬಂದಿಳಿದರು. ಕೌಸ್ತುಭನ ಫೋನಿನಿಂದ ದಾರಿಯಲ್ಲೇ ಎಲ್ಲ ತಿಳಿದಿತ್ತು. ಹೆಂಡತಿ ರಾಯರ ತಲೆಯನ್ನು ಒಮ್ಮೆ ನೋಡಿ ಅಡಿಗೆಮನೆಗೆ ಹೋದಳು. ಸಂಪದಾ ನಗಲಿಲ್ಲ. ಅತ್ತು ಬಾತ ಕಣ್ಣಿನಿಂದ ಅಪ್ಪನನ್ನು ನೋಡಿ, "ನೆಟ್‌ವರ್ಕ್ ಬಂತಪ್ಪಾ," ಎಂದಷ್ಟೇ ಹೇಳಿ ಅಜ್ಜಿಯ ಪಕ್ಕ ಕುಳಿತಳು. ಅದೊಂದು ಮಾತಿಗೆ ರಾಯರು ನಿಜಕ್ಕೂ ಕುಗ್ಗಿದರು.

ಗುರುವಾರ ಇಪ್ಪತ್ತೈದು ಜನ, ಅವರ ಮೇಲೊಬ್ಬ ಫೋಟೋದವನು, ನಡುವೆ ಈ ತಲೆ. ಟೊಪ್ಪಿಗೆ ಹಾಕುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ, ಕತ್ತರಿಸುವಂತಿಲ್ಲ. ಬಹಳ ಹೊತ್ತು ಯೋಚಿಸಿದ ರಾಯರು ತಾಯಿಯ ಮುಂದೆ ಬಂದು ನಿಂತರು.

"ಅವ್ವಾ, ತಪ್ಪಾತು. ನಾಳೆ ಮುಂಜಾನೆ ಅಫ್ಜಲನ ಕಟಿಂಗ್ ಅಂಗಡಿಗೆ ಹೋಗಿ ತಲಿ ಪೂರಾ ಬೋಳಿಸಿಕೊಂಡ ಬಂದಬಿಡ್ತೇನಿ. ಉರಿದ್ರ ಉರೀಲಿ. ಪೀಡಾ ಹೋಗ್ಲಿ."

ಯಮುನಾಬಾಯಿ ಮೊಮ್ಮಗಳ ಜಡೆ ಹೆಣೆಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ತಾಯಿ ಜೀವಂತ ಇರೂಮುಂದ ಮಗ ತಲಿ ಬೋಳಿಸ್ಕೋತಾನೇನೋ? ಬೀಗರ ಮುಂದ ಮತ್ತ ನನ್ನ ಸಾಯಿಸಾಂವಾ?" ಎಂದರು. "ಬೋಳಿಸ್ಕೋಬೇಕಂದ್ರ ನಾ ಖರೇನ ಸಾಯೋತನಕಾ ಕಾಯಿ. ನನಗೇನ ಅವಸರ ಇಲ್ಲ."